ಕಿಡಿಯ ಸಂಕೇತ ತಪ್ಪುವುದೆಲ್ಲಿ? ಹಳೆಯ ಕಾರು, ಹೊಸ ಇಸಿಯು ಮತ್ತು ಮುಗಿಯದ ವಾದಗಳು

ಪಾಯಿಂಟ್ ಮತ್ತು ಕಾರ್ಬ್ಯುರೇಟರ್ ಕಾಲದ ಕಾರಿಗೆ ಹೊರಗಿನಿಂದ ಕೊಂಡ ಎಂಜಿನ್ ನಿಯಂತ್ರಣ ಘಟಕವನ್ನು, ಅಂದರೆ ಇಸಿಯುವನ್ನು, ಕೂರಿಸುವವರು ಇಂಧನದ ಲೆಕ್ಕಕ್ಕೆ ಹೆದರುತ್ತಾರೆ. ಆದರೆ ಅವರನ್ನು ಹೆಚ್ಚಾಗಿ ಕಾಡುವುದು ಕಿಡಿ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದದ್ದು ಮೂರು ಸಾವಿರ ಆರ್‌ಪಿಎಂ ದಾಟುತ್ತಲೇ ಮಿಸ್ಸಿಂಗ್ ಹೊಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಆರ್‌ಪಿಎಂ ಸಂಖ್ಯೆ ಇದ್ದಕ್ಕಿದ್ದಂತೆ ನಾಲ್ಕು ಪಟ್ಟು ಮೇಲಕ್ಕೆ ಹಾರಿ ಮರುಕ್ಷಣ ಕೆಳಗಿಳಿಯುತ್ತದೆ. ಆಗ ಒಬ್ಬರು ಸೆನ್ಸರ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಅರ್ತ್ ಸರಿಯಿಲ್ಲ ಅನ್ನುತ್ತಾರೆ, ಮತ್ತೊಬ್ಬರು ಸಾಫ್ಟ್‌ವೇರಿನಲ್ಲಿ ಫಿಲ್ಟರ್ ಹಾಕಿ ನೋಡಿ ಅನ್ನುತ್ತಾರೆ. ಮೂವರ ಮಾತಿನಲ್ಲೂ ಒಂದಂಶ ನಿಜವಿರುತ್ತದೆ. ಜಗಳ ಮುಗಿಯದಿರುವುದಕ್ಕೆ ಕಾರಣವೂ ಅದೇ.

ಈ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಳೆಯ ಇಗ್ನಿಷನ್ನಿನಲ್ಲಿ ಸಮಯ ಹೇಳುವ ಕೆಲಸ ಮತ್ತು ಕರೆಂಟ್ ಕಡಿಯುವ ಕೆಲಸ ಎರಡೂ ಒಂದೇ ಭಾಗದವು. ಇಸಿಯು ಬಂದ ದಿನ ಅವೆರಡೂ ಬೇರೆಯಾದವು. ಅಳವಡಿಕೆಯ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು, ಕರೆಂಟ್ ಕಡಿಯಲೆಂದು ಮಾಡಿದ ಭಾಗವನ್ನು ಗಡಿಯಾರವೆಂದು ನಂಬಿದಾಗ. ಇಲ್ಲವೇ ಕರೆಂಟ್ ಕಡಿಯುವ ಗದ್ದಲ ಗಡಿಯಾರದ ತಂತಿಗೆ ನುಗ್ಗಿದಾಗ. ದೋಷ ಹುಡುಕುವ ಕ್ರಮವೂ ಈ ವಿಭಜನೆಯ ಗೆರೆಯನ್ನೇ ಹಿಡಿದು ಸಾಗಬೇಕು.

ಒಂದೇ ಪಾಯಿಂಟ್, ಎರಡು ಕೆಲಸ

ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಾರುಗಳ ಕಿಡಿ ಹೆಚ್ಚಾಗಿ ಮ್ಯಾಗ್ನೆಟೋದಿಂದ ಬರುತ್ತಿತ್ತು. ಬಾಷ್ ಕಂಪನಿಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರ ಹೊತ್ತಿಗೆ ರೂಪಿಸಿದ ಹೈ ವೋಲ್ಟೇಜ್ ಮ್ಯಾಗ್ನೆಟೋ ಅದರ ಪ್ರಬುದ್ಧ ರೂಪ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್ ಮತ್ತು ಕ್ಯಾಮಿನಿಂದ ತೆರೆಯುವ ಪಾಯಿಂಟ್ ಸೇರಿಸಿ ಮಾಡಿದ ವ್ಯವಸ್ಥೆ ಅದರ ಬೆನ್ನಿಗೇ ಬಂತು. 1912ರ ಕ್ಯಾಡಿಲಾಕ್‌ನಲ್ಲಿ ವಿದ್ಯುತ್ ಸ್ಟಾರ್ಟರ್ ಜೊತೆಗೂಡಿದ ಈ ಬಗೆ ಮುಂದಿನ ಆರು ದಶಕ ಜಗತ್ತಿನ ಬಹುತೇಕ ಪೆಟ್ರೋಲ್ ಕಾರುಗಳನ್ನು ಓಡಿಸಿತು. ಪಾಯಿಂಟ್ ಮುಚ್ಚಿದಾಗ ಕಾಯಿಲಿನ ಪ್ರೈಮರಿಯಲ್ಲಿ ಮೂರು ನಾಲ್ಕು ಆಂಪಿಯರ್ ಹರಿಯುತ್ತದೆ. ತೆರೆದ ಕ್ಷಣ ಆ ಪ್ರವಾಹ ಕುಸಿದು ಪ್ರೈಮರಿಯಲ್ಲೇ ಕೆಲವು ನೂರು ವೋಲ್ಟ್ ಏಳುತ್ತದೆ, ಸೆಕೆಂಡರಿಯಲ್ಲಿ ಅದು ಸಾವಿರಾರು ವೋಲ್ಟ್ ಆಗಿ ಪ್ಲಗ್ಗಿಗೆ ಹಾರುತ್ತದೆ. ಕಂಡೆನ್ಸರ್ ಪಾಯಿಂಟಿನ ತುದಿ ಸುಡದಂತೆ ಕಾಯುತ್ತದೆ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದಕ್ಕೆ ತರಲು ಸ್ಪ್ರಿಂಗ್ ಕಟ್ಟಿದ ತೂಕಗಳಿವೆ, ಲೋಡಿಗೆ ತಕ್ಕಂತೆ ತರಲು ವ್ಯಾಕ್ಯೂಮ್ ಡಬ್ಬಿ ಇದೆ. ಸಮಯ, ಸ್ವಿಚ್ಚು, ಲೆಕ್ಕ ಎಲ್ಲವೂ ಡಿಸ್ಟ್ರಿಬ್ಯೂಟರ್ ಎಂಬ ಒಂದು ಡಬ್ಬಿಯೊಳಗೆ ಮುಗಿಯುತ್ತಿತ್ತು.

ಇದನ್ನು ಒಡೆದದ್ದು ಹೊಗೆಯ ಕಾನೂನು. ಅಮೆರಿಕದ 1970ರ ಶುದ್ಧಗಾಳಿ ಕಾಯ್ದೆಯ ನಂತರ, 1975ರ ಮಾದರಿಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಕಿಡಿ ತಪ್ಪಿ ಉರಿಯದೆ ಹೋದ ಪೆಟ್ರೋಲು ಕನ್ವರ್ಟರ್ ಒಳಗೆ ಉರಿದು ಅದನ್ನೇ ಹಾಳುಮಾಡುತ್ತದೆ. ಹಾಗಾಗಿ ಸವೆಯುವ ಪಾಯಿಂಟನ್ನು ತೆಗೆದು, ಸಮಯ ಹೇಳಲು ಮುಟ್ಟದೆ ಕೆಲಸ ಮಾಡುವ ಪಿಕಪ್ಪನ್ನೂ ಕರೆಂಟ್ ಕಡಿಯಲು ಟ್ರಾನ್ಸಿಸ್ಟರನ್ನೂ ಇಡಲಾಯಿತು. ಜನರಲ್ ಮೋಟರ್ಸ್‌ನ ಎಚ್‌ಇಐ ಈ ಪೀಳಿಗೆಯದ್ದು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದ ಬಾಷ್ ಮೋಟ್ರಾನಿಕ್, ಇಂಧನ ಮತ್ತು ಕಿಡಿ ಎರಡರ ಲೆಕ್ಕವನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿತು. 1980ರ ದಶಕದ ಕೊನೆಗೆ ಫೋರ್ಡಿನ ಇಡಿಐಎಸ್ ಎಂಬ ಇಗ್ನಿಷನ್ ವ್ಯವಸ್ಥೆ ಡಿಸ್ಟ್ರಿಬ್ಯೂಟರನ್ನೇ ತೆಗೆದುಹಾಕಿತು. ಡಿಸ್ಟ್ರಿಬ್ಯೂಟರ್ ಇಲ್ಲದೆ ಪ್ರತಿ ಸುತ್ತಿಗೂ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುವುದು ಹೊಸ ಯೋಚನೆಯೇನಲ್ಲ; 1948ರ ಸಿಟ್ರನ್ 2ಸಿವಿ ತನ್ನ ಎರಡೇ ಸಿಲಿಂಡರಿನಲ್ಲಿ ಅದನ್ನು ಸರಳವಾಗಿ ಮಾಡಿ ತೋರಿಸಿತ್ತು.

ಹೊರಗಿನ ಇಸಿಯುಗಳ ಕಥೆ ಇಲ್ಲಿಂದ ಶುರುವಾಗುತ್ತದೆ. ಆಸ್ಟ್ರೇಲಿಯಾದ ಹಾಲ್ಟೆಕ್ ಮತ್ತು ಮೋಟೆಕ್ 1980ರ ದಶಕದ ಉತ್ತರಾರ್ಧದಲ್ಲಿ ರೇಸಿಂಗ್ ಕಾರುಗಳಿಗೆ ಇವನ್ನು ಮಾರತೊಡಗಿದವು. 2001ರ ಹೊತ್ತಿಗೆ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ ರೂಪಿಸಿದ ಮೆಗಾಸ್ಕ್ವರ್ಟ್, ಬೆಸುಗೆ ಹಾಕಲು ಬರುವ ಯಾರಿಗಾದರೂ ಇಸಿಯು ಸಿಗುವಂತೆ ಮಾಡಿತು. ಅದರ ಮೊದಲ ರೂಪ ನಿಯಂತ್ರಿಸುತ್ತಿದ್ದುದು ಇಂಧನವನ್ನು ಮಾತ್ರ. ಕಿಡಿಯ ನಿಯಂತ್ರಣ ಆಮೇಲೆ ಸೇರಿಕೊಂಡಿತು. ರಸ್‌ಇಎಫ್‌ಐ, ಆರ್ಡುಯಿನೋ ಬೋರ್ಡಿನ ಮೇಲೆ ನಿಂತ ಸ್ಪೀಡುಯಿನೋ ಮುಂತಾದವು ಬೆಲೆಯನ್ನು ಇನ್ನಷ್ಟು ಇಳಿಸಿದವು. ಕಾರ್ಖಾನೆಯಲ್ಲಿ ಎಂಜಿನಿಯರುಗಳ ತಂಡ ವರ್ಷಗಟ್ಟಲೆ ಕೂತು ಹೊಂದಿಸುತ್ತಿದ್ದ ಪಿಕಪ್, ವೈರಿಂಗ್, ಕಾಯಿಲ್‌ಗಳ ಹೊಂದಾಣಿಕೆ ಈಗ ಒಬ್ಬ ಹವ್ಯಾಸಿಯ ಗ್ಯಾರೇಜಿಗೆ ಬಂತು.

ಇಸಿಯುಗೆ ಬೇಕಿರುವುದು

ಸ್ವಲ್ಪ ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಸುಮಾರು 28 ಮೈಕ್ರೋಸೆಕೆಂಡು ಸಾಕು. 900 ಆರ್‌ಪಿಎಂನ ಐಡ್ಲಿಂಗಿನಲ್ಲಿ ಅದೇ ಒಂದು ಡಿಗ್ರಿಗೆ 185 ಮೈಕ್ರೋಸೆಕೆಂಡು. ನಾಲ್ಕು ಸಿಲಿಂಡರಿನ ಎಂಜಿನ್ನಿನ ಪಾಯಿಂಟ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಸಲ ತೆರೆಯುತ್ತದೆ; ಅಂದರೆ ಇಸಿಯುಗೆ ಐದು ಮಿಲಿಸೆಕೆಂಡಿಗೊಂದು ಸುದ್ದಿ. ಎರಡು ಸುದ್ದಿಗಳ ನಡುವೆ ಕ್ರ್ಯಾಂಕ್ 180 ಡಿಗ್ರಿ ತಿರುಗಿರುತ್ತದೆ, ಆ ಅವಧಿಯಲ್ಲಿ ಎಂಜಿನ್ ಎಲ್ಲಿದೆ ಎಂಬುದನ್ನು ಇಸಿಯು ಊಹಿಸುತ್ತದೆ. ಕ್ರ್ಯಾಂಕಿಗೆ ಕೂರಿಸಿದ, 36 ಹಲ್ಲಿನಲ್ಲಿ ಒಂದನ್ನು ತೆಗೆದ ಫೋರ್ಡ್ ಚಕ್ರವಾದರೆ ಹತ್ತು ಡಿಗ್ರಿಗೊಂದು ಸುದ್ದಿ. ಬಾಷ್ ರೂಢಿಗೆ ತಂದ, 60ರಲ್ಲಿ ಎರಡನ್ನು ತೆಗೆದ ಚಕ್ರವಾದರೆ ಆರು ಡಿಗ್ರಿಗೊಂದು. ಹಲ್ಲು ಇಲ್ಲದ ಖಾಲಿ ಜಾಗವೇ ಸುತ್ತಿನ ಆರಂಭದ ಗುರುತು. ಹಿಂದಿನ ಅಂತರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಿನ ಅಂತರ ಕಂಡರೆ ಇಸಿಯು ಅದನ್ನು ಖಾಲಿ ಜಾಗವೆಂದು ತಿಳಿಯುತ್ತದೆ.

ಹಳೆಯ ಕಾಯಿಲಿಗೆ ಈ ಕರಾರುವಾಕ್ಕು ಬೇಕಿರಲಿಲ್ಲ. ಪಾಯಿಂಟ್ ಒಂದೆರಡು ಸಲ ಕುಪ್ಪಳಿಸಿದರೂ ಮೊದಲ ತೆರೆಯುವಿಕೆಗೇ ಕಿಡಿ ಹಾರಿಬಿಟ್ಟಿರುತ್ತಿತ್ತು, ಉಳಿದದ್ದು ಲೆಕ್ಕಕ್ಕಿಲ್ಲ. ಇಸಿಯು ಮಾತ್ರ ಪ್ರತಿ ಕುಪ್ಪಳಿಕೆಯನ್ನೂ ಹೊಸ ಸುದ್ದಿಯೆಂದು ಎಣಿಸುತ್ತದೆ. ನಲವತ್ತು ವರ್ಷ ದೂರಿಲ್ಲದೆ ಓಡಿದ ಡಿಸ್ಟ್ರಿಬ್ಯೂಟರ್ ಇಸಿಯು ಕೂರಿಸಿದ ಮರುದಿನ ಕೆಟ್ಟದ್ದಾಗಿ ಕಾಣುವುದು ಇದರಿಂದ. ಅದು ಮೊದಲಿನಂತೆಯೇ ಇದೆ, ಕೇಳುವವರ ಕಿವಿ ಸೂಕ್ಷ್ಮವಾಗಿದೆ ಅಷ್ಟೆ.

ಡಿಸ್ಟ್ರಿಬ್ಯೂಟರ್ ಉಳಿಸಿಕೊಳ್ಳುವವರು

ಮೊದಲ ಪಂಥದವರ ಮಾತು ಸರಳ: ಕಾರಿನಲ್ಲಿರುವ ಡಿಸ್ಟ್ರಿಬ್ಯೂಟರಿನಿಂದಲೇ ಸಂಕೇತ ತೆಗೆದುಕೊಳ್ಳಿ. ಲೇತ್ ಕೆಲಸವಿಲ್ಲ, ಬ್ರಾಕೆಟ್ ಇಲ್ಲ, ಬಾನೆಟ್ ಎತ್ತಿದರೆ ಕಾರು ಹಳೆಯದಾಗಿಯೇ ಕಾಣುತ್ತದೆ. ಬಾಷ್ ಹಾಲ್ ಡಿಸ್ಟ್ರಿಬ್ಯೂಟರ್ ಇದ್ದ ಫೋಕ್ಸ್‌ವ್ಯಾಗನ್‌ಗಳಲ್ಲಿ ಅಥವಾ ಒಳಗೆ 360 ಸೀಳುಗಳ ಆಪ್ಟಿಕಲ್ ತಟ್ಟೆ ಇರುವ 1980ರ ದಶಕದ ನಿಸಾನ್‌ಗಳಲ್ಲಿ ಈ ಮಾತು ಬಹಳ ಮಟ್ಟಿಗೆ ಸರಿ. ಅಲ್ಲಿ ಗಡಿಯಾರವನ್ನು ಕಾರ್ಖಾನೆಯೇ ಬೇರೆ ಮಾಡಿ ಇಟ್ಟಿದೆ.

ತೊಂದರೆ ಬರುವುದು ಪಾಯಿಂಟನ್ನೇ ಸಂಕೇತಕ್ಕೆ ಬಳಸಿದಾಗ. ಕಾಯಿಲಿನ ಮೈನಸ್ ತುದಿಯಿಂದ ಸಂಕೇತ ತೆಗೆದರೆ ಅದರೊಂದಿಗೆ ನೂರಾರು ವೋಲ್ಟಿನ ಏರಿಳಿತವೂ ಬರುತ್ತದೆ. ಮೆಗಾಸ್ಕ್ವರ್ಟಿನ ಬೋರ್ಡು ಈ ದಾರಿಯಲ್ಲಿ ಆಪ್ಟೋಐಸೋಲೇಟರ್ ಇಟ್ಟದ್ದು ಇದೇ ಕಾರಣಕ್ಕೆ. ಕಾಯಿಲನ್ನು ಬೇರೆಡೆಗೆ ಕೊಟ್ಟು ಪಾಯಿಂಟನ್ನು ಬರಿಯ ಸಂಕೇತಕ್ಕೆ ಬಳಸಿದರೆ ತಿರುಗುಮುರುಗು ತೊಂದರೆ. ಆ ತುದಿಗಳು ಮೂರು ನಾಲ್ಕು ಆಂಪಿಯರ್ ಕಡಿಯಲೆಂದು ಮಾಡಿದವು, ಆ ಕಿಡಿಯಲ್ಲೇ ಅವುಗಳ ಮೇಲಿನ ಕಿಲುಬು ಸುಟ್ಟು ಚೊಕ್ಕಟವಾಗುತ್ತಿತ್ತು. ಕೆಲವೇ ಮಿಲಿಆಂಪಿಯರ್ ಹರಿದಾಗ ಎಣ್ಣೆಯ ಪದರ, ಆಕ್ಸೈಡ್ ಉಳಿದುಕೊಂಡು ಸಂಕೇತ ಬಿಟ್ಟುಬಿಟ್ಟು ಬರುತ್ತದೆ. ಪುಲ್-ಅಪ್ ರೆಸಿಸ್ಟರನ್ನು ಕಡಿಮೆ ಓಮಿನದಾಗಿಸಿ ಹರಿವು ಹೆಚ್ಚಿಸಿದರೆ ಒಂದಷ್ಟು ಪರಿಹಾರ ಸಿಗುತ್ತದೆ.

ಇನ್ನೆರಡು ಯಾಂತ್ರಿಕ ವಿಷಯಗಳನ್ನು ಈ ಪಂಥದವರು ಕೆಲವೊಮ್ಮೆ ಹಗುರವಾಗಿ ನೋಡುತ್ತಾರೆ. ಅಡ್ವಾನ್ಸ್, ಅಂದರೆ ಕಿಡಿಯನ್ನು ಮುಂದಕ್ಕೆ ತರುವ ಲೆಕ್ಕ, ಇಸಿಯುವಿನದಾದ ಮೇಲೆ ಒಳಗಿನ ತೂಕಗಳನ್ನು ಕಟ್ಟಿಹಾಕಬೇಕು, ವ್ಯಾಕ್ಯೂಮ್ ತಟ್ಟೆಯನ್ನು ಅಲುಗದಂತೆ ಬಿಗಿಯಬೇಕು. ಮರೆತರೆ ಡಿಸ್ಟ್ರಿಬ್ಯೂಟರೂ ಇಸಿಯುವೂ ಸೇರಿ ಎರಡೆರಡು ಸಲ ಅಡ್ವಾನ್ಸ್ ಕೊಡುತ್ತವೆ. ಕಟ್ಟಿಹಾಕಿದ ಮೇಲೂ ರೋಟರಿನ ತುದಿ, ಅಡ್ವಾನ್ಸಿನ ಪೂರ್ತಿ ವ್ಯಾಪ್ತಿಯಲ್ಲಿ, ಕ್ಯಾಪಿನ ಲೋಹದ ಎದುರಿಗೇ ಇರಬೇಕು. ಇಲ್ಲದಿದ್ದರೆ ಕಿಡಿ ಪಕ್ಕದ ಸಿಲಿಂಡರಿಗೆ ಹಾರುತ್ತದೆ, ಇಸಿಯುವಿನ ದಾಖಲೆಯಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ. ಶಾಫ್ಟಿನ ಬುಷ್ ಸವೆದಿದ್ದರೆ, ಗೇರಿನ ಹಲ್ಲು ಸಡಿಲವಿದ್ದರೆ ಒಂದು ಕಿಡಿಗೂ ಮುಂದಿನ ಕಿಡಿಗೂ ಕೆಲವು ಡಿಗ್ರಿ ವ್ಯತ್ಯಾಸ ಬರುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅಲ್ಲಿನ ಒಂದು ಡಿಗ್ರಿ ತಪ್ಪು ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ.

ಕ್ರ್ಯಾಂಕ್ ಚಕ್ರದ ಪಕ್ಷ

ಎರಡನೇ ಪಂಥದವರು ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಕೂರಿಸಿ, ಎದುರಿಗೆ ಸೆನ್ಸರ್ ಇಟ್ಟು, ಡಿಸ್ಟ್ರಿಬ್ಯೂಟರನ್ನು ಪೂರ್ತಿ ಮರೆಯಿರಿ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಮಿನಿ, ಎಂಜಿಬಿ ಕಾರುಗಳಿಗೆ ಗುಜರಿಯಿಂದ ತಂದ ಫೋರ್ಡ್ ಇಡಿಐಎಸ್ ಭಾಗಗಳನ್ನು ಹೀಗೆ ಹಾಕುವ ದೊಡ್ಡ ಸಂಪ್ರದಾಯವೇ ಬೆಳೆಯಿತು. ನಮ್ಮ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಎಂಜಿಬಿಯ 1798 ಸಿಸಿ ಎಂಜಿನ್ನಿನ ದಾಯಾದಿ, ಎರಡೂ ಬಿಎಂಸಿಯ ಬಿ-ಸೀರೀಸ್. ಹಾಗಾಗಿ ಆ ಅನುಭವದ ಬಹುಭಾಗ ಇಲ್ಲಿಗೂ ಒಗ್ಗುತ್ತದೆ. ಮೂರು ಸಿಲಿಂಡರಿನ ಹಳೆಯ ಮಾರುತಿ 800ಕ್ಕೆ ಒಗ್ಗುವುದಿಲ್ಲ, ಇಡಿಐಎಸ್ ಬಂದದ್ದು ನಾಲ್ಕು, ಆರು, ಎಂಟು ಸಿಲಿಂಡರುಗಳಿಗೆ ಮಾತ್ರ.

ದೋಷ ಹುಡುಕುವವರಿಗೆ ಇಡಿಐಎಸ್ ಒಂದು ದೊಡ್ಡ ಉಪಕಾರ ಮಾಡಿದೆ. ಅದರ ಪೆಟ್ಟಿಗೆ ಕ್ರ್ಯಾಂಕಿನ ಹಲ್ಲುಗಳನ್ನು ತಾನೇ ಓದುತ್ತದೆ, ಇಸಿಯು ಎಷ್ಟು ಅಡ್ವಾನ್ಸ್ ಬೇಕೆಂಬುದನ್ನು ಒಂದು ಪಲ್ಸಿನ ಅಗಲದಲ್ಲಿ ತಿಳಿಸುತ್ತದೆ: 1536 ಮೈಕ್ರೋಸೆಕೆಂಡಿನಿಂದ ಪ್ರತಿ ಡಿಗ್ರಿಗೆ 25.6 ಕಳೆದರೆ ಆ ಅಗಲ ಸಿಗುತ್ತದೆ. ಹತ್ತು ಡಿಗ್ರಿಗೆ 1280. ಆ ತಂತಿ ಕಿತ್ತರೆ ಪೆಟ್ಟಿಗೆ ತಾನಾಗಿ 10 ಡಿಗ್ರಿಯಲ್ಲಿ ಎಂಜಿನ್ ಓಡಿಸುತ್ತದೆ. ಅಂದರೆ ಒಂದು ಕನೆಕ್ಟರ್ ಕಿತ್ತು ಸೆಲ್ಫ್ ಹೊಡೆದರೆ ದೋಷ ಇಸಿಯು ಕಡೆಗಿದೆಯೋ ಸೆನ್ಸರ್-ಕಾಯಿಲ್ ಕಡೆಗಿದೆಯೋ ಎಂಬುದು ಅಲ್ಲೇ ಇತ್ಯರ್ಥ.

ಚಕ್ರದವರ ಲೆಕ್ಕ ನಿಖರವಾದದ್ದು ನಿಜ. ಆದರೆ ಚಕ್ರ ಹಾಕಿದರೆ ಎಲ್ಲ ಮುಗಿಯಿತು ಎಂಬ ಅವರ ಆತ್ಮವಿಶ್ವಾಸಕ್ಕೆ ಕೆಲವು ಅಪವಾದಗಳಿವೆ. ಹಳೆಯ ಪುಲ್ಲಿಗಳಲ್ಲಿ ಹೊರ ಉಂಗುರವನ್ನು ರಬ್ಬರಿನಿಂದ ಒಳಗಿನ ಗುಂಬಕ್ಕೆ ಅಂಟಿಸಿರುತ್ತಾರೆ. ರಬ್ಬರು ಹಳತಾಗಿ ಉಂಗುರ ಜಾರಿದ್ದರೆ ಅದರ ಮೇಲೆ ಬೋಲ್ಟ್ ಮಾಡಿದ ಚಕ್ರವೂ ಸುಳ್ಳು ಹೇಳುತ್ತದೆ, ಕಾರ್ಖಾನೆಯ ಟಿಡಿಸಿ ಗೆರೆಯೂ, ಅಂದರೆ ಪಿಸ್ಟನ್ ತುತ್ತತುದಿಗೆ ಬಂದುದರ ಗುರುತೂ, ಸುಳ್ಳು ಹೇಳುತ್ತದೆ. ಪ್ಲಗ್ ತೂತಿನಲ್ಲಿ ಪಿಸ್ಟನ್ ಸ್ಟಾಪ್ ಇಟ್ಟು ಎರಡೂ ದಿಕ್ಕಿನಿಂದ ಕ್ರ್ಯಾಂಕ್ ತಿರುಗಿಸಿ ನಿಜವಾದ ಟಿಡಿಸಿ ಗುರುತು ಮಾಡಿಕೊಳ್ಳದೆ ಮುಂದುವರಿಯುವುದು ವ್ಯರ್ಥ. ಸೆನ್ಸರಿನ ಬ್ರಾಕೆಟ್ ತೆಳ್ಳಗಿದ್ದರೆ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿ ಅಲ್ಲಷ್ಟೇ ಸಿಂಕ್, ಅಂದರೆ ಹಲ್ಲುಗಳ ಲೆಕ್ಕದ ಹಿಡಿತ, ಕಳೆಯುತ್ತದೆ. ಸೆಲ್ಫ್ ಹೊಡೆಯುವಾಗ ಕಂಪ್ರೆಷನ್ನಿಗೆ ಎದುರಾಗಿ ಕ್ರ್ಯಾಂಕ್ ನಿಂತು ನಿಂತು ತಿರುಗುವುದರಿಂದ, ಬ್ಯಾಟರಿ ಬಡವಾಗಿದ್ದರೆ, ಎರಡು ಮಾಮೂಲಿ ಹಲ್ಲುಗಳ ಅಂತರವೇ ಖಾಲಿ ಜಾಗದಷ್ಟು ಉದ್ದವಾಗಿ ಇಸಿಯು ಮೋಸಹೋಗುತ್ತದೆ. ಸ್ಟಾರ್ಟ್ ಆಗದ ಕಾರಿಗೆ ಸೆನ್ಸರ್ ಬದಲಿಸುವ ಮೊದಲು ಬ್ಯಾಟರಿ ನೋಡಿ ಅನ್ನುವುದು ಇದಕ್ಕೇ.

ವಿಆರ್ ಮತ್ತು ಹಾಲ್

ಸೆನ್ಸರಿನ ಆಯ್ಕೆಯ ಜಗಳ ಇನ್ನೂ ಹಳೆಯದು. ವಿಆರ್ ಸೆನ್ಸರ್ ಎಂದರೆ ಆಯಸ್ಕಾಂತದ ಸುತ್ತ ಸುತ್ತಿದ ತಂತಿ. 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮದಂತೆ ಹಲ್ಲು ಹಾದುಹೋದ ವೇಗಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ. ಸೆಲ್ಫ್ ಹೊಡೆಯುವಾಗ ಒಂದು ವೋಲ್ಟಿನ ಆಸುಪಾಸು, ವೇಗ ಏರಿದರೆ ಹತ್ತಾರು ವೋಲ್ಟ್. ಹಾಲ್ ಸೆನ್ಸರ್ 1879ರಲ್ಲಿ ಎಡ್ವಿನ್ ಹಾಲ್ ಗಮನಿಸಿದ ಪರಿಣಾಮದ ಮೇಲೆ ನಿಂತದ್ದು, ಎಷ್ಟು ನಿಧಾನ ತಿರುಗಿದರೂ ಒಂದೇ ಎತ್ತರದ ಚೌಕಾಕಾರದ ಸಂಕೇತ ಕೊಡುತ್ತದೆ. ಹಾಲಿಗೆ ಮೂರು ತಂತಿ, ಶುದ್ಧ ಪೂರೈಕೆ ಮತ್ತು ಸಾಮಾನ್ಯವಾಗಿ ಒಂದು ಪುಲ್-ಅಪ್ ರೆಸಿಸ್ಟರ್ ಬೇಕು. ಆ ರೆಸಿಸ್ಟರ್ ಮರೆತವರಿಗೆ ಸಂಕೇತವೇ ಕಾಣದೆ, ಒಳ್ಳೆಯ ಸೆನ್ಸರನ್ನು ಕೆಟ್ಟದ್ದೆಂದು ಎಸೆಯುವುದು ಮಾಮೂಲು.

ವಿಆರ್‌ನ ಸೂಕ್ಷ್ಮ ಅದರ ಎರಡು ತಂತಿಗಳ ದಿಕ್ಕಿನಲ್ಲಿದೆ. ಈ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹಲ್ಲು ಹತ್ತಿರ ಬಂದಾಗ ವೋಲ್ಟೇಜ್ ಏರಿ, ಹಲ್ಲಿನ ನಡುಮಧ್ಯ ಸೆನ್ಸರಿಗೆ ಎದುರಾದಾಗ ಕಡಿದಾಗಿ ಸೊನ್ನೆ ದಾಟಿ, ಆಮೇಲೆ ಕೆಳಗಿಳಿಯುತ್ತದೆ. ಈ ಕಡಿದಾದ ದಾಟುವಿಕೆಯನ್ನು ಇಸಿಯು ಹಿಡಿಯಬೇಕು. ತಂತಿ ಅದಲುಬದಲಾದರೆ ಅದು ಹಲ್ಲುಗಳ ನಡುವಿನ ಸಂದಿಯ ದಾಟುವಿಕೆಯನ್ನು ಹಿಡಿಯುತ್ತದೆ. ಆಗ ನಡೆಯುವುದನ್ನು ಲೆಕ್ಕದಲ್ಲೇ ನೋಡಬಹುದು: 36ರಲ್ಲಿ ಒಂದು ತೆಗೆದ ಚಕ್ರದಲ್ಲಿ ಸರಿಯಾದ ದಿಕ್ಕಿನಲ್ಲಿ ಒಂದೇ ಒಂದು ಅಂತರ ಎರಡು ಪಟ್ಟು ಕಾಣಬೇಕು, ತಿರುವಾದಾಗ ಖಾಲಿ ಜಾಗದ ನಡುಮಧ್ಯವೇ ಗುರುತಾಗಿ, ಅಕ್ಕಪಕ್ಕದಲ್ಲಿ ಒಂದೂವರೆ ಪಟ್ಟಿನ ಎರಡು ಅಂತರಗಳು ಕಾಣುತ್ತವೆ. ಒಂದೂವರೆ ಪಟ್ಟು ಎಂದರೆ ಇಸಿಯು ಖಾಲಿ ಜಾಗವೆಂದು ಒಪ್ಪುವ ಗಡಿರೇಖೆ. ಹಾಗಾಗಿ ಎಂಜಿನ್ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಹತ್ತಿದರೂ ವೇಗ ಏರಿದಾಗ ಸಿಂಕ್ ಕಳೆಯುತ್ತದೆ. ಹಲ್ಲುಗಳ ಅಂತರ ದಾಖಲಿಸುವ ಇಸಿಯು ಲಾಗರಿನಲ್ಲಿ ಒಂದು ಎತ್ತರದ ಗೆರೆಯ ಬದಲು ಎರಡು ಮಧ್ಯಮ ಗೆರೆಗಳು ಅಕ್ಕಪಕ್ಕ ಕಂಡರೆ ಸೆನ್ಸರ್, ಅರ್ತ್, ಫಿಲ್ಟರ್ ಯಾವುದನ್ನೂ ಮುಟ್ಟಬೇಕಿಲ್ಲ, ಎರಡು ತಂತಿ ಅದಲುಬದಲು ಮಾಡಿದರೆ ಸಾಕು.

ಹಾಲ್ ಪಕ್ಷದವರು ಇಷ್ಟೆಲ್ಲ ರಗಳೆ ಏಕೆ ಎಂದು ಕೇಳುವುದು ನ್ಯಾಯವೇ. ಮನೆಯ ಗ್ಯಾರೇಜಿನಲ್ಲಿ ಮಾಡುವ ಅಳವಡಿಕೆಗೆ ಹಾಲ್ ಹೆಚ್ಚು ಕ್ಷಮಿಸುವ ಆಯ್ಕೆ. ವಿಆರ್ ಪರವಾಗಿ ಹೇಳಬೇಕಾದ್ದೂ ಇದೆ: ಅದರೊಳಗೆ ಎಲೆಕ್ಟ್ರಾನಿಕ್ಸ್ ಇಲ್ಲ, ಬಿಸಿಗೆ ಜಗ್ಗುವುದಿಲ್ಲ, ವೇಗ ಏರಿದಷ್ಟೂ ಸಂಕೇತ ಬಲವಾಗುತ್ತದೆ. ಎಂಎಎಕ್ಸ್9924 ತರಹದ, ಸಂಕೇತದ ಎತ್ತರಕ್ಕೆ ತಕ್ಕಂತೆ ತನ್ನ ಮಿತಿಯನ್ನು ತಾನೇ ಏರಿಸಿಕೊಳ್ಳುವ ಚಿಪ್ ಇದ್ದರೆ ಅದರ ಅರ್ಧ ರಗಳೆ ಕಡಿಮೆ.

ಅರ್ತ್ ಪಂಥ, ಫಿಲ್ಟರ್ ಪಂಥ

ಸೆನ್ಸರ್ ಸರಿಯಿದ್ದೂ ಹೆಚ್ಚುವರಿ ಹಲ್ಲುಗಳು ಕಾಣತೊಡಗಿದರೆ ಮೂರನೆಯ ವಾದ ಶುರು. ಒಂದು ಕಡೆಯವರು ಗದ್ದಲವನ್ನು ಹುಟ್ಟುವಲ್ಲೇ ತಡೆಯಿರಿ ಅನ್ನುತ್ತಾರೆ: ಸೆನ್ಸರಿನ ಅರ್ತನ್ನು ಬಾಡಿಗೆ ಕಚ್ಚಿಸದೆ ಇಸಿಯುವಿಗೇ ತನ್ನಿ, ಶೀಲ್ಡ್ ತಂತಿಯನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ಪ್ಲಗ್ಗಿನ ಎಚ್‌ಟಿ ಲೀಡುಗಳಿಂದ ದೂರ ಎಳೆಯಿರಿ, ತಾಮ್ರದ ಎಳೆಯ ಲೀಡ್ ತೆಗೆದು ಸಪ್ರೆಷನ್ ಲೀಡ್ ಹಾಕಿ, ರೆಸಿಸ್ಟರ್ ಪ್ಲಗ್ ಹಾಕಿ. ಎನ್‌ಜಿಕೆಯ ಬಿಪಿ6ಇಎಸ್ ಮತ್ತು ಬಿಪಿಆರ್6ಇಎಸ್ ನಡುವೆ ಇರುವುದು ಈ ರೆಸಿಸ್ಟರಿನ ವ್ಯತ್ಯಾಸವೇ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ, ಈಗಿನ ಬಾಷ್, ದಶಕಗಳ ಕಾಲ ದೇಶಕ್ಕೆ ಪ್ಲಗ್ ಒದಗಿಸಿತು. ಆ ಕಾಲದ ರೆಸಿಸ್ಟರ್ ಇಲ್ಲದ ಪ್ಲಗ್ಗುಗಳು ಇಂದಿಗೂ ಹಳೆಯ ಕಾರುಗಳಲ್ಲಿ ಉಳಿದಿರಬಹುದು. ಬ್ರಿಟಿಷ್ ಮೂಲದ ಕಾರಾದರೆ ಇನ್ನೊಂದು ಮಾತು: 1960ರ ದಶಕದ ಉತ್ತರಾರ್ಧದವರೆಗೆ ಅವುಗಳಲ್ಲಿ ಬಹಳಷ್ಟು ಪಾಸಿಟಿವ್ ಅರ್ತ್. ಅದನ್ನು ನೆಗೆಟಿವ್‌ಗೆ ಬದಲಿಸದೆ ಇಸಿಯು ಮುಟ್ಟಲೇಬಾರದು.

ಇನ್ನೊಂದು ಕಡೆಯವರು ಇಷ್ಟೆಲ್ಲ ಏಕೆ, ಸಾಫ್ಟ್‌ವೇರಿನಲ್ಲಿ ಸಣ್ಣ ಪಲ್ಸುಗಳನ್ನು ಕಡೆಗಣಿಸಿದರೆ ಆಯಿತು ಅನ್ನುತ್ತಾರೆ. ಅವರ ವಾದ ಪೊಳ್ಳಲ್ಲ. ಕಾರ್ಖಾನೆಯ ಇಸಿಯುಗಳಲ್ಲೂ ಫಿಲ್ಟರ್ ಇದೆ. ಆದರೆ ಸಂಕೇತವನ್ನು ತಡೆಹಿಡಿದು ನೋಡುವ ಫಿಲ್ಟರಿನ ಬೆಲೆ ಸಮಯ. 100 ಮೈಕ್ರೋಸೆಕೆಂಡು ತಡ ಮಾಡಿದರೆ 900 ಆರ್‌ಪಿಎಂನಲ್ಲಿ ಅರ್ಧ ಡಿಗ್ರಿ, ಯಾರಿಗೂ ಗೊತ್ತಾಗುವುದಿಲ್ಲ. 6000ದಲ್ಲಿ ಅದೇ 3.6 ಡಿಗ್ರಿ. ಜೊತೆಗೆ, ಫಿಲ್ಟರ್ ಲಕ್ಷಣವನ್ನು ಅಡಗಿಸುತ್ತದೆ. ಸಡಿಲ ಅರ್ತ್ ಸಡಿಲವಾಗಿಯೇ ಉಳಿದು ಮಳೆಗಾಲದಲ್ಲಿ ಮತ್ತೆ ತಲೆಯೆತ್ತುತ್ತದೆ. ತಂತಿಯ ಕೆಲಸ ಮುಗಿದ ಮೇಲೆ ಉಳಿದ ಚೂರುಪಾರಿಗೆ ಫಿಲ್ಟರ್ ಎಂಬ ಕ್ರಮವೇ ನನಗೆ ಸರಿ ಕಾಣುತ್ತದೆ.

ಎರಡು ಪಂಥಗಳ ನಡುವೆ ತೀರ್ಪು ಕೊಡಲು ಒಂದು ಸುಲಭ ಪರೀಕ್ಷೆಯಿದೆ. ಕಾಯಿಲಿನ ಪೂರೈಕೆ ಕಿತ್ತು ಸೆಲ್ಫ್ ಹೊಡೆದು ಹಲ್ಲುಗಳನ್ನು ದಾಖಲಿಸಿ, ಆಮೇಲೆ ಕಾಯಿಲ್ ಜೋಡಿಸಿ ಮತ್ತೆ ದಾಖಲಿಸಿ. ಮೊದಲನೆಯದು ಚೊಕ್ಕಟವಾಗಿದ್ದು ಎರಡನೆಯದರಲ್ಲಿ ಪ್ರತಿ ಸುತ್ತಿನ ಅದೇ ಜಾಗದಲ್ಲಿ ಕಳ್ಳ ಹಲ್ಲು ಕಂಡರೆ ಅದು ಇಗ್ನಿಷನ್ನಿನ ಗದ್ದಲ. ಜಾಗ ಗೊತ್ತಿಲ್ಲದಂತೆ ಎಲ್ಲೆಂದರಲ್ಲಿ ಕಂಡರೆ ಸಡಿಲ ಕನೆಕ್ಟರ್. ಕಾಯಿಲ್ ಇಲ್ಲದೆಯೂ ಗಲೀಜು ಕಂಡರೆ ಸೆನ್ಸರ್, ಅದರ ಅಂತರ ಅಥವಾ ದಿಕ್ಕು.

ಹೊರಹೋಗುವ ಸಂಕೇತ

ಹೊರಹೋಗುವ ಕಡೆಯ ತಪ್ಪುಗಳು ಕಡಿಮೆ, ಆದರೆ ದುಬಾರಿ. ಸಣ್ಣ ಸಂಕೇತ ಕೊಡುವ ಪಿನ್ನಿಗೆ ನೇರವಾಗಿ ಡ್ರೈವರ್ ಇಲ್ಲದ ಕಾಯಿಲ್ ಕಚ್ಚಿದರೆ ಇಸಿಯು ಸುಡುತ್ತದೆ. ಸಂಕೇತದ ದಿಕ್ಕು ಸೆಟಿಂಗಿನಲ್ಲಿ ತಲೆಕೆಳಗಾದರೆ ಕಾಯಿಲ್ ಬಿಡುವಿನ ಹೊತ್ತೆಲ್ಲ ಚಾರ್ಜ್ ಆಗಿ ಕೈಸುಡುವಷ್ಟು ಬಿಸಿಯಾಗುತ್ತದೆ, ಕಿಡಿ ಚಾರ್ಜಿಂಗಿನ ಕೊನೆಯ ಬದಲು ಆರಂಭದಲ್ಲೇ ಹಾರುತ್ತದೆ. ಇದು ಕಾಯಿಲ್ ಕೆಟ್ಟದ್ದಾಗಿ ಕಂಡು, ಜನ ಎರಡು ಮೂರು ಕಾಯಿಲ್ ಬದಲಿಸಿದ ಮೇಲೆ ಸೆಟಿಂಗ್ ನೋಡುತ್ತಾರೆ. ಸ್ಮಿತ್ಸ್‌ನ ಹಳೆಯ ಆರ್‌ವಿಐ ಆರ್‌ಪಿಎಂ ಮೀಟರು ಕಾಯಿಲಿನ ಪ್ರವಾಹವನ್ನೇ ಓದುವಂಥದ್ದು, ಒಂಟಿ ಕಾಯಿಲ್ ಹೋದರೆ ಅದರ ಮುಳ್ಳು ಏಳುವುದಿಲ್ಲ. ಅದು ಇಗ್ನಿಷನ್ನಿನ ದೋಷವಲ್ಲ.

ಯಾವುದರಿಂದ ಹುಡುಕಬೇಕು

ಮಲ್ಟಿಮೀಟರ್ ಸಾಕು ಅನ್ನುವವರಿದ್ದಾರೆ, ಆಸಿಲೋಸ್ಕೋಪ್ ಇಲ್ಲದೆ ಕೆಲಸವೇ ಬೇಡ ಅನ್ನುವವರಿದ್ದಾರೆ. ಮೀಟರ್ ವಿಆರ್ ತಂತಿ ತುಂಡಾಗಿಲ್ಲ ಎಂದಷ್ಟೇ ಹೇಳಬಲ್ಲದು. ಅದು ಸರಾಸರಿ ತೋರಿಸುವ ಸಾಧನ, ಮಿಲಿಸೆಕೆಂಡಿನ ತಪ್ಪು ಅದಕ್ಕೆ ಕಾಣದು. ಇಸಿಯುವಿನದೇ ಲಾಗರ್ ಹಲ್ಲುಗಳನ್ನು ತೋರಿಸುತ್ತದೆ ನಿಜ, ಆದರೆ ಚಿಪ್ ಈಗಾಗಲೇ ಚೌಕಾಕಾರಕ್ಕೆ ತಿರುಗಿಸಿದ ಮೇಲಿನ ಚಿತ್ರ ಅದು. ಸೆನ್ಸರಿನ ತುದಿಯಲ್ಲಿ ನಡೆದದ್ದನ್ನು ಸ್ಕೋಪು ಮಾತ್ರ ತೋರಿಸುತ್ತದೆ: ಪ್ರತಿ ಸುತ್ತಿಗೊಮ್ಮೆ ಅಲೆಯ ಎತ್ತರ ಏರಿಳಿದರೆ ಚಕ್ರ ಓರೆಯಾಗಿ ಕೂತಿದೆ.

ಇವೆಲ್ಲಕ್ಕಿಂತ ಕಡಿಮೆ ಬೆಲೆಯ ಟೈಮಿಂಗ್ ಲೈಟಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಸಂಕೇತದ ಸರಪಳಿಯ ಎರಡೂ ತುದಿಗಳನ್ನು ಒಟ್ಟಿಗೆ ಪರೀಕ್ಷಿಸುವುದು ಅದೊಂದೇ. ಇಸಿಯುವಿನಲ್ಲಿ ಅಡ್ವಾನ್ಸನ್ನು 10 ಡಿಗ್ರಿಗೆ ಕಟ್ಟಿಹಾಕಿ, ಐಡ್ಲಿಂಗಿನಿಂದ ನಾಲ್ಕು ಸಾವಿರದವರೆಗೆ ನಿಧಾನವಾಗಿ ಏರಿಸುತ್ತ ಪುಲ್ಲಿಯ ಗುರುತು ನೋಡಬೇಕು. ಗುರುತು ತಪ್ಪು ಜಾಗದಲ್ಲಿ ಅಲುಗದೆ ನಿಂತರೆ ಸಾಫ್ಟ್‌ವೇರಿನ ಟ್ರಿಗರ್ ಕೋನ ತಪ್ಪು, ಅಷ್ಟೇ. ವೇಗ ಏರಿದಂತೆ ಗುರುತು ಒಂದೇ ಸಮನೆ ಹಿಂದೆ ಬಿದ್ದರೆ ಒಳಬರುವ ದಾರಿಯಲ್ಲೆಲ್ಲೋ ತಡವಿದೆ. ಫಿಲ್ಟರ್ ಅಥವಾ ಸಂಕೇತ ತಿದ್ದುವ ಸರ್ಕ್ಯೂಟ್ ನೋಡಿ. ವೇಗದೊಂದಿಗೆ ವಿಪರೀತ ಮುಂದೆ ಓಡಿದರೆ ಹೊರಹೋಗುವ ಸಂಕೇತ ತಲೆಕೆಳಗಾಗಿದೆ: ಮೂರು ಮಿಲಿಸೆಕೆಂಡಿನ ಡ್ವೆಲ್, ಅಂದರೆ ಕಾಯಿಲ್ ಚಾರ್ಜ್ ಆಗುವ ಅವಧಿ, 900 ಆರ್‌ಪಿಎಂನಲ್ಲೇ 16 ಡಿಗ್ರಿ, 3000ದಲ್ಲಿ 54 ಡಿಗ್ರಿ. ಗುರುತು ಗೊತ್ತುಗುರಿಯಿಲ್ಲದೆ ತಡಬಡಾಯಿಸಿದರೆ ಸವೆದ ಬುಷ್ ಅಥವಾ ಗದ್ದಲ. ಒಂದು ಎಚ್ಚರ: ಡಿಗ್ರಿ ತಿರುಗಿಸುವ ಗುಂಡಿಯಿರುವ ಲೈಟುಗಳಲ್ಲಿ ಹೆಚ್ಚಿನವು, ಪ್ರತಿ ಸುತ್ತಿಗೂ ಕಿಡಿ ಕೊಡುವ ಕಾಯಿಲಿನಲ್ಲಿ ದುಪ್ಪಟ್ಟು ತೋರಿಸುತ್ತವೆ. ಗುಂಡಿ ಸೊನ್ನೆಯಲ್ಲಿರಲಿ, ಪುಲ್ಲಿಯ ಮೇಲೇ ಡಿಗ್ರಿ ಗುರುತು ಇರಲಿ.

ಎಂಜಿನ್ ಸ್ಟಾರ್ಟೇ ಆಗದಿದ್ದರೆ ಲೈಟಿನಿಂದ ಏನು ಪ್ರಯೋಜನ ಎಂಬ ಆಕ್ಷೇಪ ಬರುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ ಲೀಡಿಗೆ ಸಿಕ್ಕಿಸಿ, ಪ್ಲಗ್ ತೂತುಗಳಿಂದ ದೂರದಲ್ಲಿ ಬ್ಲಾಕಿಗೆ ಅರ್ತ್ ಮಾಡಿ, ಇಂಧನ ಕಡಿದು ಸೆಲ್ಫ್ ಹೊಡೆದರೂ ಲೈಟು ಮಿನುಗುತ್ತದೆ, ಗುರುತು ಕಾಣುತ್ತದೆ. ಕಂಪ್ರೆಷನ್ ಇಲ್ಲದ್ದರಿಂದ ಕ್ರ್ಯಾಂಕ್ ಸಮವಾಗಿ ತಿರುಗುತ್ತದೆ; ಆಗ ಸಿಂಕ್ ಸಿಕ್ಕು, ಪ್ಲಗ್ ಹಾಕಿದಾಗ ತಪ್ಪಿದರೆ ಅದೂ ಒಂದು ಸಾಕ್ಷ್ಯವೇ.

ಇನ್ನೂ ಇತ್ಯರ್ಥವಾಗದ್ದು

ಕೆಲವು ಪ್ರಶ್ನೆಗಳು ಉಳಿದಿವೆ. ಕಡಿಮೆ ಕಂಪ್ರೆಷನ್ನಿನ, ಪೇಟೆಯಲ್ಲಿ ಓಡುವ ಹಳೆಯ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರಿನ ಒಂದೆರಡು ಡಿಗ್ರಿ ಚದುರುವಿಕೆ ನಿಜಕ್ಕೂ ಹಾನಿಯೇ? ನಾಕಿಂಗ್ ಅಂಚಿಗೆ ಎಳೆದು ಟ್ಯೂನ್ ಮಾಡಿದ ಎಂಜಿನ್ನಿಗೆ ಹೌದು. ಉಳಿದವಕ್ಕೆ ಎರಡು ಪಂಥಗಳೂ ತಮ್ಮ ಅನುಭವ ಹೇಳುತ್ತವೆ, ಒಬ್ಬರದನ್ನೊಬ್ಬರು ಒಪ್ಪುವುದಿಲ್ಲ. ಥಟ್ಟನೆ ವೇಗ ಏರುವಾಗ ಹಲ್ಲುಗಳ ನಡುವಿನ ಕೋನವನ್ನು ಹಿಂದಿನ ಅಂತರದಿಂದ ಊಹಿಸಬೇಕೋ, ಏರುವ ದರವನ್ನೂ ಸೇರಿಸಿ ಊಹಿಸಬೇಕೋ ಎಂಬುದರಲ್ಲಿ ಇಸಿಯು ಬರೆಯುವವರಲ್ಲೇ ಒಮ್ಮತವಿಲ್ಲ. ಹಲ್ಲು ಕಡಿಮೆಯಿದ್ದಷ್ಟೂ ಈ ಭಿನ್ನಾಭಿಪ್ರಾಯಕ್ಕೆ ಬೆಲೆ ಹೆಚ್ಚು.

ಭಾರತದಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ, ಸಿಸಿ, ಇಂಧನ ಇರುತ್ತವೆ, ಇಗ್ನಿಷನ್ನಿನ ಬಗೆಗೆ ಕಾಲಮೇ ಇಲ್ಲ. ಹಾಗಾದರೆ ಇಸಿಯು ಮಾರ್ಪಾಡೋ ದುರಸ್ತಿಯೋ ಎಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದಾಗಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮಗಳಾದರೋ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ, ಎಂಜಿನ್ ಮುಂತಾದವುಗಳಲ್ಲಿ ದೊಡ್ಡ ಬದಲಾವಣೆಯಾಗದ ವಾಹನಗಳಿಗೆ ಮಾತ್ರ ಆ ಮಾನ್ಯತೆ ಕೊಡುತ್ತವೆ. ಪುಲ್ಲಿಗೆ ಬೋಲ್ಟ್ ಮಾಡಿದ ಒಂದು ಹಲ್ಲಿನ ಚಕ್ರ ದೊಡ್ಡ ಬದಲಾವಣೆಯೇ ಎಂಬುದನ್ನು ನಿಯಮ ಬಿಡಿಸಿ ಹೇಳಿಲ್ಲ. ಆದ್ದರಿಂದ ಚಕ್ರ ಹಾಕುವವರು ಬ್ಲಾಕಿಗೆ ಹೊಸ ತೂತು ಕೊರೆಯದೆ ಹಾಕಿ, ಕಿತ್ತ ಡಿಸ್ಟ್ರಿಬ್ಯೂಟರನ್ನು ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ ಎತ್ತಿಡಿ.